ಮಲ್ಲೇದಿನ್ನೆಯ ಕರುಗಳು

ಪಿಳ್ಳಮ್ಮನ ಕೊಟ್ಟಿಗೆಯಲ್ಲಿ ಹುಟ್ಟಿದ್ದು ಊರಿನ ಏಳನೆಯ ಕುರುಡು ಕರು. ಹುಟ್ಟಿ ಎರಡು ದಿನವಾಗಿತ್ತು. ಕೆಂಪು ಮೈ, ಹಣೆಯಲ್ಲಿ ಒಂದು ಬಿಳಿ ಬೊಟ್ಟು, ಗಟ್ಟಿಮುಟ್ಟಾದ ನಾಲ್ಕು ಕಾಲು. ಹಗ್ಗ ಬಿಚ್ಚಿದರೆ ಚಂಗನೆ ಎದ್ದು ಹೊರಡುತ್ತಿತ್ತು. ಹೊರಟಷ್ಟೇ ರಭಸದಲ್ಲಿ ಹೋಗಿ ಗೋದಲಿಯ ಕಲ್ಲಿಗೆ ಮೂತಿ ಬಡಿದುಕೊಳ್ಳುತ್ತಿತ್ತು. ಎರಡು ಹೆಜ್ಜೆ ಹಿಂದೆ ಸರಿದು, ತಲೆ ಅಲ್ಲಾಡಿಸಿ, ಮತ್ತೆ ಅದೇ ಕಲ್ಲಿಗೆ.

ಡಾಕ್ಟರ್ ವನಮಾಲಾ ಗಂಜಳದ ನೆಲದಲ್ಲೇ ಮಂಡಿಯೂರಿ ಕೂತು ಅದರ ಕಣ್ಣ ಮುಂದೆ ಬೆರಳಾಡಿಸಿದಳು. ರೆಪ್ಪೆ ಮಿಟುಕಲಿಲ್ಲ. ಟಾರ್ಚು ಹಾಕಿದಳು. ಪಾಪೆ ಅಗಲವಾಗಿ ತೆರೆದುಕೊಂಡೇ ಇತ್ತು. ಬೆಳಕು ಬಿದ್ದದ್ದು ಅದಕ್ಕೆ ತಿಳಿದ ಹಾಗಿರಲಿಲ್ಲ. ಪೊರೆಯಿಲ್ಲ, ಗಾಯವಿಲ್ಲ, ಕೀವಿಲ್ಲ. ತಿಳಿನೀರಿನಂಥ ಕಣ್ಣು. ಅದೇ ಅವಳನ್ನು ಕಂಗೆಡಿಸಿತು. ಕಾಯಿಲೆಯಾದರೆ ಎಲ್ಲಾದರೂ ಒಂದು ಗುರುತು ಬಿಟ್ಟಿರಬೇಕಲ್ಲ.

ಪಿಳ್ಳಮ್ಮ ತಾಯಿಹಸುವಿನ ಮೂಗುದಾರ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಅರವತ್ತು ದಾಟಿದ ಹೆಂಗಸು. ನಾಲ್ಕು ಸೀಮೆಹಸು ಕಟ್ಟಿಕೊಂಡು, ಎರಡು ಹೊತ್ತು ಡೈರಿಗೆ ಹಾಲು ಹಾಕಿ ಸಂಸಾರ ನಡೆಸಿದವಳು. ಹಸು ಎರಡು ದಿನದಿಂದ ಕರುವಿನ ಕಣ್ಣನ್ನೇ ನೆಕ್ಕುತ್ತಿದೆ, ಬಿಡಿಸಿದರೂ ಬಿಡುವುದಿಲ್ಲ ಎಂದಳು. ಕಣ್ಣು ಬರುತ್ತದೆಯೇ ಎಂದು ಅವಳು ಕೇಳಿಯಾಳೆಂದು ವನಮಾಲಾ ಉತ್ತರ ಹುಡುಕುತ್ತಿದ್ದಳು. ಪಿಳ್ಳಮ್ಮ ಅದನ್ನು ಕೇಳಲಿಲ್ಲ.

"ಇದಕ್ಕೆ ಕಣ್ಣು ಬರಲ್ಲ ಅಂತ ನಂಗೇ ಗೊತ್ತು ಡಾಕ್ಟ್ರಮ್ಮ. ಯಾಕೆ ಬರ್ಲಿಲ್ಲ ಅನ್ನದು ಹೇಳಿ. ಒಳಗೆ ಇನ್ನೊಂದು ಹಸ ಗಬ್ಬ ಐತೆ. ಏಳು ತಿಂಗಳು."

ಗೊತ್ತಾದ ಕೂಡಲೇ ಹೇಳುತ್ತೇನೆ ಎಂದು ವನಮಾಲಾ ಎದ್ದಳು. ಜೀಪಿನವರೆಗೆ ಬಂದವಳು ಹತ್ತಲಿಲ್ಲ. ಡ್ರೈವರಿಗೆ ಮುಂದೆ ಹೋಗಿರಲು ಹೇಳಿ ಕೆರೆ ಏರಿಯ ಮೇಲೆ ಒಂದು ಮೈಲಿ ನಡೆದೇ ಹೋದಳು. ಎರಡು ವಾರದಿಂದ ಅವಳಿಗೆ ಒಂದು ಕಡೆ ಕೂತಿರಲು ಆಗುತ್ತಿರಲಿಲ್ಲ.

ಕೋಲಾರದ ಕಡೆಯ ಆ ಊರು, ಮಲ್ಲೇದಿನ್ನೆ, ಹಾಲಿನಿಂದಲೇ ಬದುಕಿದ ಊರು. ನೂರ ಹತ್ತು ಮನೆ, ಇನ್ನೂರಕ್ಕೂ ಹೆಚ್ಚು ಹಸು. ಒಂದರ ಹಿಂದೆ ಒಂದು ಕುರುಡು ಕರು ಹುಟ್ಟತೊಡಗಿದಾಗ ಊರಿನವರು ಮೊದಲು ಬೈದದ್ದು ದೇವರಾಜಪ್ಪನನ್ನು. ಬೈಕಿನ ಹಿಂದೆ ಡಬ್ಬ ಕಟ್ಟಿಕೊಂಡು ಊರೂರಿಗೆ ಹೋಗಿ ಹಸುಗಳಿಗೆ ಹೋರಿಯ ವೀರ್ಯದ ಕಡ್ಡಿ ಹಾಕುವವನು ಅವನು. ಕೆಟ್ಟ ಹೋರಿಯ ಬೀಜ ತಂದಿದ್ದಾನೆ ಎಂದು ಊರಬಾಗಿಲಲ್ಲೇ ಅವನ ಬೈಕು ನಿಲ್ಲಿಸಿ ವಾಪಸು ಕಳಿಸಿದರು. ಕೆಲವರು ನಗರದಿಂದ ಕೆರೆಗೆ ಬರುವ ಹೊಸ ನೀರಿನ ಮೇಲೆ ತಪ್ಪು ಹೊರಿಸಿದರು. ಬೆಟ್ಟದ ಬುಡಕ್ಕೆ ಹಾಕಿದ ಸೌರಫಲಕಗಳ ಝಳ ಗಬ್ಬದ ಹಸುಗಳಿಗೆ ತಗಲಿದೆ ಎಂದವರೂ ಇದ್ದರು.

ವನಮಾಲಾ ಯಾವುದನ್ನೂ ತಳ್ಳಿಹಾಕಲಿಲ್ಲ. ಕರುಗಳು ಹುಟ್ಟುಕುರುಡಾಗಲು ಏನೇನು ಕಾರಣ ಇರಬಹುದೋ ಅಷ್ಟನ್ನೂ ಪಟ್ಟಿ ಮಾಡಿಕೊಂಡು ಒಂದೊಂದನ್ನೇ ಹಿಡಿದಳು. ಗಬ್ಬದಲ್ಲಿ ತಾಯಿಗೆ ತಗಲಿ ಕರುವಿನ ಕಣ್ಣು ಕೆಡಿಸುವ ವೈರಸ್ಸುಗಳಿವೆ. ಏಳೂ ಹಸುಗಳ ರಕ್ತದಲ್ಲಿ ಅವುಗಳ ಸುಳಿವಿರಲಿಲ್ಲ. ವಂಶದಲ್ಲಿ ಬರುವ ದೋಷವಿರಬಹುದು. ಆದರೆ ಏಳು ಕರುಗಳಿಗೆ ಐದು ಬೇರೆ ಬೇರೆ ಹೋರಿಗಳು, ಒಂದಕ್ಕೊಂದು ಸಂಬಂಧವಿಲ್ಲ. ವಿಷದ ಗಿಡವೇ ಎಂದು ಎರಡು ದಿನ ಬದುಗಳನ್ನು ತಿರುಗಿದಳು. ಸೀಸವೇ ಎಂದು ಗೋದಲಿಯ ಬಣ್ಣ ಕೆರೆದು ತಂದಳು. ನೀರನ್ನು ಮೂರು ಕಡೆ ಪರೀಕ್ಷೆಗೆ ಕೊಟ್ಟಳು. ಎಲ್ಲೂ ಏನೂ ಇಲ್ಲ.

ಪಟ್ಟಿಯಲ್ಲಿ ಅವಳು ಬರೆಯದೇ ಬಿಟ್ಟ ಒಂದು ಸಾಲಿತ್ತು. ಬೇಕೆಂದು ಬಿಟ್ಟದ್ದಲ್ಲ. ಅದು ಅವಳ ತಲೆಗೆ ಬಂದಿರಲೇ ಇಲ್ಲ.

*

ವನಮಾಲಾ ಕೆಲಸ ಮಾಡುತ್ತಿದ್ದುದು ಪಶು ಜೀವಾಣು ಸಂಶೋಧನಾ ಕೇಂದ್ರದಲ್ಲಿ. ದನ ಮೆಲುಕು ಹಾಕುವಾಗ ತೇಗಿನ ಜೊತೆ ಮೀಥೇನ್ ಎಂಬ ಅನಿಲ ಹೊರಬರುತ್ತದೆ. ಭೂಮಿಯ ಬಿಸಿ ಏರಲು ಅದೂ ಒಂದು ಕಾರಣ. ಅದನ್ನು ನಿಲ್ಲಿಸಲು ಕೇಂದ್ರದವರು ಒಂದು ಹೊಸ ಜೀವಾಣುವನ್ನು ಬೆಳೆಸಿದರು. ಪ್ರಯೋಗಾಲಯದಲ್ಲಿ ಅದಕ್ಕೆ ಟಿ-ಒಂಬತ್ತು ಎಂದು ಹೆಸರು. ಊರಿನವರ ಬಾಯಲ್ಲಿ 'ತಂಪೊಡಲು'. ಒಮ್ಮೆ ಬಿದಿರ ಗೊಟ್ಟದಲ್ಲಿ ಕುಡಿಸಿದರೆ ಸಾಕು, ಹಸುವಿನ ಹೊಟ್ಟೆಯಲ್ಲಿ ನೆಲೆಯಾಗಿಬಿಡುತ್ತದೆ. ಮೀಥೇನ್ ಆಗಬೇಕಿದ್ದ ಜಲಜನಕವನ್ನು ಅದು ಹಿಡಿದು ಮೇವಿನ ಆಮ್ಲಗಳಿಗೆ ಅಂಟಿಸುತ್ತದೆ. ತೇಗಿನಲ್ಲಿ ಪೋಲಾಗುತ್ತಿದ್ದ ಶಕ್ತಿ ಹಾಲಾಗುತ್ತದೆ. ಹಸುವೊಂದಕ್ಕೆ ದಿನಕ್ಕೆ ಒಂದೂವರೆ ಲೀಟರು ಹೆಚ್ಚು.

ಆ ಜೀವಾಣುವಿನ ಒಳಗಿನ ಕಿಣ್ವವನ್ನು ರೂಪಿಸಿದವಳು ವನಮಾಲಾ. ಅದಕ್ಕೆ ಅವಳು ಆರು ವರ್ಷ ಕೊಟ್ಟಿದ್ದಳು.

ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಗೋಡೆಯಗಲದ ಪರದೆಯಿತ್ತು. ಜಿಲ್ಲೆಯ ಒಂದೊಂದು ಹಸುವೂ ಅದರಲ್ಲಿ ಒಂದು ಚುಕ್ಕೆ. ಹಸುವಿನ ಕಿವಿಗೆ ಹಾಕಿದ ಬಿಲ್ಲೆ ತೇಗನ್ನು ಅಳೆದು ಅಲ್ಲಿಗೆ ಕಳಿಸುತ್ತಿತ್ತು. ಅನಿಲ ಹೆಚ್ಚಿದ್ದರೆ ಕೆಂಪು, ಕಮ್ಮಿಯಿದ್ದರೆ ಹಸಿರು. ಎರಡು ವರ್ಷದ ಹಿಂದೆ ಮೊದಲು ಹಸಿರಾದ ಊರು ಮಲ್ಲೇದಿನ್ನೆ. ಎಂಟು ತಿಂಗಳ ನಂತರ ಸುತ್ತಲಿನ ಹನ್ನೆರಡು ಊರು. ಆಮೇಲೆ ಜಿಲ್ಲೆಗೆ ಜಿಲ್ಲೆಯೇ. ಹೊರಗಿನಿಂದ ಬಂದವರನ್ನೆಲ್ಲ ಆ ಪರದೆಯ ಮುಂದೆ ನಿಲ್ಲಿಸಿ ಫೋಟೋ ತೆಗೆಸುತ್ತಿದ್ದರು.

ಎಂಟನೆಯ ಕುರುಡು ಕರು ಭೇದಿಯಾಗಿ ಸತ್ತಿತು. ಅದರ ಒಡೆಯ ತಲೆಯನ್ನು ಕೊಯ್ದು ನೋಡಲು ಒಪ್ಪಿದ. ವನಮಾಲಾ ಕಣ್ಣಿನಿಂದ ಮಿದುಳಿಗೆ ಹೋಗುವ ನರದ ಜಾಡು ಹಿಡಿದು ಬುರುಡೆಯನ್ನು ಬಿಡಿಸುತ್ತಾ ಹೋದಳು. ಆ ನರ ಮೂಳೆಯಲ್ಲಿರುವ ಒಂದು ತೂತಿನ ಮೂಲಕ ಹಾದು ಹೋಗಬೇಕು. ಪೆನ್ಸಿಲ್ಲು ತೂರುವಷ್ಟಿರಬೇಕಾದ ತೂತು ಸೂಜಿಯ ಕಣ್ಣಿನಷ್ಟಾಗಿತ್ತು. ಸುತ್ತಲ ಮೂಳೆ ದಪ್ಪಗೆ ಬೆಳೆದು ನರವನ್ನು ಹಿಚುಕಿ ದಾರವಾಗಿಸಿತ್ತು.

ಇದು ಯಾಕೆ ಆಗುತ್ತದೆಂದು ಅವಳು ಕಾಲೇಜಿನ ಎರಡನೆಯ ವರ್ಷದಲ್ಲೇ ಓದಿದ್ದಳು. ಗಬ್ಬದ ಹಸುವಿಗೆ ಎ ವಿಟಮಿನ್ ಸಿಗದಿದ್ದರೆ ಒಳಗಿನ ಕರುವಿನ ಮೂಳೆ ಅಂಕೆ ತಪ್ಪಿ ಬೆಳೆಯುತ್ತದೆ. ಬರಗಾಲದಲ್ಲಿ ವರ್ಷಗಟ್ಟಲೆ ಒಣ ಹುಲ್ಲನ್ನೇ ತಿಂದ ದನಗಳಲ್ಲಿ ಕಾಣುವಂಥದು. ಆದರೆ ಮಲ್ಲೇದಿನ್ನೆಯ ಹಸುಗಳು ಹೊಟ್ಟೆತುಂಬ ಹಸಿರು ಮೇಯುವ ಹಸುಗಳು. ಕೆರೆ ತುಂಬಿತ್ತು. ವರ್ಷದ ಹನ್ನೆರಡು ತಿಂಗಳೂ ಲೂಸರ್ನ್ ಸೊಪ್ಪು, ಜೋಳದ ಕಡ್ಡಿ, ಸೀಮೆಹುಲ್ಲು. ಹಸಿರಿದ್ದ ಕಡೆ ಕ್ಯಾರೊಟಿನ್ ಎಂಬ ಹಳದಿ ವಸ್ತು ಇದ್ದೇ ಇರುತ್ತದೆ. ಹಸುವಿನ ಮೈ ಅದರಿಂದಲೇ ಎ ವಿಟಮಿನ್ ಮಾಡಿಕೊಳ್ಳುತ್ತದೆ. ಇಷ್ಟು ಹಸಿರು ತಿಂದ ಹಸುವಿಗೆ ಅದರದೇ ಕೊರತೆ ಎಂದರೆ ಕೇಳಿದವರು ನಗುತ್ತಾರೆ.

ಆದರೂ ಐದು ಹಸುಗಳ ರಕ್ತವನ್ನು ಮತ್ತೆ ಪರೀಕ್ಷಿಸಿದಳು. ಎ ವಿಟಮಿನ್ ಇರಬೇಕಾದ್ದರಲ್ಲಿ ನಾಲ್ಕನೆಯ ಒಂದು ಪಾಲೂ ಇರಲಿಲ್ಲ. ವರದಿಯನ್ನು ನಾಲ್ಕು ಸಲ ಓದಿದಳು. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಅಡ್ಡಾಡಿದಳು. ತಿಂದದ್ದು ಎಲ್ಲಿಗೆ ಹೋಗುತ್ತಿದೆ?

*

ಮರುದಿನ ಮಲ್ಲೇದಿನ್ನೆಗೆ ಹೋದಾಗ ಊರಿನ ಸದ್ದು ಬದಲಾಗಿತ್ತು. ಎತ್ತ ತಿರುಗಿದರೂ ಗಂಟೆಯ ಸದ್ದು. ಕುರುಡು ಕರುಗಳ ತಾಯಂದಿರ ಕೊರಳಿಗೆಲ್ಲ ಜನ ಗಂಟೆ ಕಟ್ಟಿದ್ದರು. ಕರು ಆ ಸದ್ದು ಹಿಡಿದು ಕೆಚ್ಚಲಿಗೆ ಬರುವುದನ್ನು ಮೂರೇ ದಿನದಲ್ಲಿ ಕಲಿತಿತ್ತಂತೆ. ಗೋದಲಿಯ ಕಲ್ಲಿಗೆ ಗೋಣಿಚೀಲ ಸುತ್ತಿದ್ದರು. ಬಾವಿಯ ಸುತ್ತ ಮುಳ್ಳುಬೇಲಿ ಎದ್ದಿತ್ತು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ; ಒಬ್ಬರ ಮನೆಯಲ್ಲಿ ನೋಡಿ ಇನ್ನೊಬ್ಬರು ಮಾಡಿದ್ದು.

ಪಿಳ್ಳಮ್ಮ ಅವಳ ಮುಖ ನೋಡಿ ಜಗಲಿಯ ಮೇಲೆ ಕೂರಿಸಿದಳು. ಒಳಗಿನಿಂದ ಬಿಸಿ ರಾಗಿ ರೊಟ್ಟಿ ತಂದಳು, ಮೇಲೊಂದು ಉಂಡೆ ಬೆಣ್ಣೆ. ಬೆಳಿಗ್ಗೆಯಿಂದ ಏನೂ ತಿಂದಿರದ ವನಮಾಲಾ ಯಾವ ಯೋಚನೆಯಲ್ಲೋ ರೊಟ್ಟಿ ಮುರಿದಳು. ಪಿಳ್ಳಮ್ಮನಿಗೆ ಯಾಕೋ ಸಂಕೋಚವಾಯಿತು.

"ಎಮ್ಮೆ ಬೆಣ್ಣೆ ಅನ್ಕೋಬೇಡಿ ಡಾಕ್ಟ್ರಮ್ಮ, ನಮ್ಮ ಹಸೀಂದೇ. ಮುಂಚೆ ಚೆಂಡುಹೂವಿನಂಗೆ ಇರ್ತಿತ್ತು. ಈಗ ಹಿಂಗೆ ಬೆಳ್ಳಗೆ ಬತ್ತೈತೆ."

ವನಮಾಲಾಳ ಕೈ ಅಲ್ಲೇ ನಿಂತಿತು. ರೊಟ್ಟಿಯ ಮೇಲೆ ಕರಗುತ್ತಿದ್ದ ಬೆಣ್ಣೆ ಸುಣ್ಣದಂತೆ ಬೆಳ್ಳಗಿತ್ತು. ಹಸುವಿನ ಬೆಣ್ಣೆಗೆ ಹಳದಿ ಬರುವುದು ಕ್ಯಾರೊಟಿನ್‌ನಿಂದ. ಹಸಿರು ತಿಂದಷ್ಟೂ ಬಣ್ಣ ಹೆಚ್ಚು. ಹಳದಿ ಇಲ್ಲವೆಂದರೆ ಅದು ಹೊಟ್ಟೆ ದಾಟಿ ರಕ್ತಕ್ಕೆ ಬಂದೇ ಇಲ್ಲ. ಯಾವಾಗಿನಿಂದ ಹೀಗೆ ಎಂದು ಕೇಳಿದಳು. ಸೊಸೆಯ ಬಾಣಂತನಕ್ಕೆ ತುಪ್ಪ ಕಾಯಿಸಿದ ವರ್ಷದಿಂದ, ಅಂದರೆ ಹತ್ತಿರ ಹತ್ತಿರ ಎರಡು ವರ್ಷ ಎಂದಳು ಪಿಳ್ಳಮ್ಮ. ಯಾರಿಗೂ ಯಾಕೆ ಹೇಳಲಿಲ್ಲ ಎಂದು ವನಮಾಲಾ ಕೇಳಿದಾಗ ಅವಳು ಸಿಟ್ಟಿಲ್ಲದೆ ಹೇಳಿದಳು:

"ಯಾರು ಕೇಳಿದ್ರು? ಹಾಲು ಎಷ್ಟು ಅಂತ ಕೇಳಿದ್ರು. ಕಿವೀಲಿರೋ ಬಿಲ್ಲೆ ನೋಡ್ಕಂಡು ಹೋದ್ರು."

ಎರಡು ವರ್ಷ. ಮಲ್ಲೇದಿನ್ನೆಯ ಹಸುಗಳಿಗೆ ತಂಪೊಡಲು ಕುಡಿಸಿದ್ದೂ ಆಗಲೇ. ಉಳಿದ ರೊಟ್ಟಿಯನ್ನು ಅವಳು ತಿನ್ನಲಾರದೆ ತಟ್ಟೆ ಕೆಳಗಿಟ್ಟಳು.

ಸಂಜೆ ಮನೆಗೆ ಹೋಗುವ ಬದಲು ನೇರ ಗಂಡನ ಅಂಗಡಿಗೆ ಹೋದಳು. ಗುಣಶೇಖರನದು ಬಸ್‌ಸ್ಟ್ಯಾಂಡಿನ ಎದುರಿನ ಸಿಹಿತಿಂಡಿ ಅಂಗಡಿ. ಮೈಸೂರುಪಾಕಿಗೆ ಹೆಸರಾದದ್ದು. ಗಿರಾಕಿಗಳ ನಡುವೆಯೇ ಹಿಂದಿನ ಅಡುಗೆಮನೆಗೆ ಹೋಗಿ ತುಪ್ಪದ ಟಿನ್ನು ತೆಗೆಸಿದಳು. ಬೆಳ್ಳಗೆ ಹೆಪ್ಪುಗಟ್ಟಿದ ತುಪ್ಪ. ಇದು ಎಂದಿನಿಂದ ಎಂದು ಕೇಳಿದ್ದಕ್ಕೆ ಗುಣಶೇಖರ ಇದೇನು ಹೊಸದೇ ಎಂಬಂತೆ ನೋಡಿದ. ವರ್ಷದ ಮೇಲಾಯಿತು, ಡೈರಿ ತುಪ್ಪಕ್ಕೆ ಬಣ್ಣವೇ ಇಲ್ಲ, ಗಿರಾಕಿಗಳು ವನಸ್ಪತಿ ಎಂದು ಅನುಮಾನ ಪಡುತ್ತಾರೆಂದು ತಾನು ಒಂದು ಚಿಟಿಕೆ ಅರಿಸಿನ ಸೇರಿಸುತ್ತಿದ್ದೇನೆ, ಊರಿನ ಮಿಠಾಯಿಯವರೆಲ್ಲ ಮಾಡುವುದು ಅದನ್ನೇ ಎಂದ.

"ನನಗೊಂದು ಮಾತು ಹೇಳಬಾರದಿತ್ತಾ?"

"ತುಪ್ಪದ ಬಣ್ಣ ನಿನ್ನ ಕೆಲಸದ ವಿಷಯ ಅಂತ ನನಗೇನು ಗೊತ್ತು, ವನಾ?"

ಅದೂ ನಿಜವೇ. ಅವಳು ಟಿನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಗುಣಶೇಖರ ಅವಳ ಕೈ ಹಿಡಿದು ಮುಚ್ಚಳವನ್ನು ಬಿಡಿಸಿಕೊಂಡ.

*

ಪರೀಕ್ಷೆ ಸುಲಭದ್ದಾಗಿತ್ತು. ಮಾಡಬೇಕೆಂದು ಯಾರಿಗಾದರೂ ಹೊಳೆದಿದ್ದರೆ ಆರು ವರ್ಷದ ಹಿಂದೆಯೇ ಒಂದು ಹಗಲಿನಲ್ಲಿ ಮಾಡಿ ಮುಗಿಸಬಹುದಿತ್ತು.

ಕೇಂದ್ರದ ದೊಡ್ಡಿಯಲ್ಲಿ ಟಿ-ಒಂಬತ್ತು ಕುಡಿಸದೆ ಬೇರೆ ಇಟ್ಟಿದ್ದ ಎರಡು ಹಸುಗಳಿದ್ದವು. ಒಂದರ ಹೊಟ್ಟೆಯ ರಸವನ್ನು ಕೊಳವೆಯಿಂದ ತೆಗೆದು ಒಂದು ಗಾಜಿನ ಪಾತ್ರೆಗೆ ಹಾಕಿದಳು. ಮಲ್ಲೇದಿನ್ನೆಯ ಹಸುವಿನದನ್ನು ಇನ್ನೊಂದಕ್ಕೆ. ಎರಡಕ್ಕೂ ಒಂದೇ ಅಳತೆಯ ಲೂಸರ್ನ್ ಸೊಪ್ಪನ್ನು ಅರೆದು ಹಾಕಿ, ಗಾಳಿಯಾಡದಂತೆ ಮುಚ್ಚಿ, ಹಸುವಿನ ಮೈಶಾಖದಲ್ಲಿ ಇಟ್ಟಳು. ಗಂಟೆಗೊಮ್ಮೆ ಎರಡರಿಂದಲೂ ಸ್ವಲ್ಪ ತೆಗೆದು, ಅದರ ಹಳದಿಯನ್ನಷ್ಟೇ ಎಣ್ಣೆಯಂಥ ದ್ರವಕ್ಕೆ ಇಳಿಸಿ, ಚಿಕ್ಕ ಸೀಸೆಗಳಲ್ಲಿ ಕಿಟಕಿಯ ಮೇಲೆ ಸಾಲಾಗಿ ಜೋಡಿಸಿದಳು.

ಮಧ್ಯಾಹ್ನ ಮೂರರ ಹೊತ್ತಿಗೆ ಕಿಟಕಿಯ ಮೇಲೆ ಎರಡು ಸಾಲುಗಳಿದ್ದವು. ಮೇಲಿನ ಸಾಲಿನ ಏಳೂ ಸೀಸೆಗಳು ಒಂದೇ ಹಳದಿ. ಕೆಳಗಿನ ಸಾಲಿನಲ್ಲಿ ಮೊದಲನೆಯದು ಹಳದಿ, ಎರಡನೆಯದು ನಿಂಬೆಯ ಬಣ್ಣ, ನಾಲ್ಕನೆಯದು ತಿಳಿ, ಏಳನೆಯದು ನೀರು.

ಕ್ಯಾರೊಟಿನ್ನಿನ ಅಣುವಿನ ಉದ್ದಕ್ಕೂ ಜಲಜನಕ ಬಂದು ಕೂರಲು ಖಾಲಿ ಜಾಗಗಳಿವೆ. ಅದರ ಹಳದಿ ಬಣ್ಣವೂ ಅದರ ಗುಣವೂ ಆ ಖಾಲಿ ಜಾಗಗಳಿಂದಲೇ. ಜಲಜನಕವನ್ನು ಎಲ್ಲಾದರೂ ಅಂಟಿಸಬೇಕಿದ್ದ ಟಿ-ಒಂಬತ್ತು, ಹಸಿರು ಮೇವು ಬಂದ ಹಾಗೆಲ್ಲ ಆ ಜಾಗಗಳನ್ನು ತುಂಬುತ್ತಾ ಹೋಗಿತ್ತು. ತುಂಬಿದ ಮೇಲೆ ಅದು ಕ್ಯಾರೊಟಿನ್ ಅಲ್ಲ. ಹಸುವಿಗೆ ಅದರಿಂದ ಏನೂ ಸಿಗದು.

ಹಾಗಾದರೆ ಮೊದಲಿನ ಪ್ರಯೋಗದಲ್ಲಿ ಯಾಕೆ ತಿಳಿಯಲಿಲ್ಲ? ಅದೂ ಅವಳಿಗೆ ಗೊತ್ತಿತ್ತು. ಹಸುವಿನ ಪಿತ್ತಜನಕಾಂಗದಲ್ಲಿ ಎ ವಿಟಮಿನ್ನಿನ ದಾಸ್ತಾನಿರುತ್ತದೆ. ಅದು ಕರಗಲು ವರ್ಷ ಬೇಕು. ಮೊದಲ ಸೂಲಿನ ಕರುಗಳೆಲ್ಲ ಆ ದಾಸ್ತಾನಿನ ಮೇಲೆ ಕಣ್ಣು ಪಡೆದು ಹುಟ್ಟಿದವು. ಕೇಂದ್ರದ ಪ್ರಯೋಗ ನಡೆದದ್ದು ಆರೇ ತಿಂಗಳು.

ಹಳೆಯ ವರದಿಯನ್ನು ಅವಳು ತೆರೆದಳು. ನಲವತ್ತೊಂದನೆಯ ಪುಟದ ಕೋಷ್ಟಕದಲ್ಲಿ ಪಿತ್ತಜನಕಾಂಗದ ಅಂಕಿಗಳು. ಆರು ತಿಂಗಳಲ್ಲಿ ಎ ವಿಟಮಿನ್ ಅರ್ಧಕ್ಕೆ ಇಳಿದಿತ್ತು. ಅರ್ಧವಾದರೂ ಅಪಾಯದ ಗೆರೆಗಿಂತ ಮೇಲಿತ್ತು. ಅದರ ಮುಂದೆ ಟಿಪ್ಪಣಿ: ಸಾಮಾನ್ಯ ಮಿತಿಯೊಳಗೆ. ಬರೆದದ್ದು ಅವಳೇ. ಯಾವ ದಿನ, ಯಾವ ಕುರ್ಚಿಯಲ್ಲಿ ಕೂತು ಬರೆದೆ ಎಂದು ನೆನಪಿಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಅದು ಅಷ್ಟು ಸಾಧಾರಣವಾದ ದಿನವಾಗಿತ್ತು.

ನಿರ್ದೇಶಕ ಶಂಭುಲಿಂಗಯ್ಯ ಅವಳ ಗುರು. ನಿವೃತ್ತಿಗೆ ಐದು ತಿಂಗಳಿದ್ದವು. ವನಮಾಲಾ ಸೀಸೆಗಳ ಟ್ರೇಯನ್ನೂ ಹಳೆಯ ವರದಿಯನ್ನೂ ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲಿಟ್ಟು, ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇನ್ನು ಯಾರಿಗೆ ಗೊತ್ತು ಎಂದು ಕೇಳಿದರು. ಯಾರಿಗೂ ಇಲ್ಲ ಎಂದಳು.

ಅವರು ನಿಧಾನವಾಗಿ ಮಾತಾಡಿದರು. ಈಗ ಹೇಳಿದರೆ ನಾಳೆಯೇ ಜಿಲ್ಲೆಯ ಹಾಲನ್ನು ಯಾರೂ ಮುಟ್ಟುವುದಿಲ್ಲ, ಜನ ಹಸುಗಳನ್ನು ಸಿಕ್ಕಸಿಕ್ಕ ಬೆಲೆಗೆ ಮಾರಿಬಿಡುತ್ತಾರೆ, ಹಾಲನ್ನೇ ನಂಬಿದ ಮನೆಗಳು ಬೀದಿಗೆ ಬೀಳುತ್ತವೆ. ಇನ್ನೊಂದು ಪ್ರಯೋಗಾಲಯದಲ್ಲಿ ಮರುಪರೀಕ್ಷೆಯಾಗಲಿ. ಮೂರು ತಿಂಗಳು. ಅವರು ಹೇಳಿದ್ದರಲ್ಲಿ ಯಾವುದೂ ಸುಳ್ಳಿರಲಿಲ್ಲ. ಅದರಿಂದಲೇ ವನಮಾಲಾಗೆ ಕಷ್ಟವಾಯಿತು.

"ಮೂರು ತಿಂಗಳಲ್ಲಿ ಮಲ್ಲೇದಿನ್ನೆಯಲ್ಲಿ ಇಪ್ಪತ್ತಾರು ಹಸು ಈಯುತ್ತವೆ ಸರ್. ಅಷ್ಟರಲ್ಲಿ ಸುತ್ತಲಿನ ಹನ್ನೆರಡು ಊರಿನ ದಾಸ್ತಾನೂ ಮುಗಿದಿರುತ್ತೆ. ಎ ವಿಟಮಿನ್ ಹೊಟ್ಟೆಗೆ ಕೊಟ್ಟರೆ ಟಿ-ಒಂಬತ್ತು ತಿಂದುಬಿಡುತ್ತೆ, ಸೂಜಿಯಲ್ಲಿ ಕೊಟ್ಟರೆ ಅದರ ಕೈಗೆ ಸಿಗಲ್ಲ. ಈಗಲೇ ಕೊಟ್ಟರೆ ಆರು, ಏಳು ತಿಂಗಳ ಗಬ್ಬದವು ಉಳೀತವೆ."

ಶಂಭುಲಿಂಗಯ್ಯನವರು ಹಳೆಯ ವರದಿಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ನಲವತ್ತೊಂದನೆಯ ಪುಟವನ್ನು ನೋಡಿದರು. ಪುಟದ ಕೆಳಗೆ ಅವರ ಸಹಿಯಿತ್ತು. ಅದರ ಮೇಲೆ ಹೆಬ್ಬೆರಳಿಟ್ಟರು.

"ಬರೆದದ್ದು ನೀನು. ಓದದೆ ಸಹಿ ಹಾಕಿದ್ದು ನಾನು," ಎಂದರು.

ಉಗ್ರಾಣದಲ್ಲಿದ್ದ ಎ ವಿಟಮಿನ್ ಚುಚ್ಚುಮದ್ದನ್ನೆಲ್ಲ ಮಲ್ಲೇದಿನ್ನೆಗೆ ಕೊಡಲು ಅವರು ಆಗಲೇ ಚೀಟಿ ಬರೆದರು. ಜನರಿಗೆ ಹೇಳುವ ವಿಷಯ ಮಾತ್ರ ಇಲಾಖೆಯನ್ನು ಕೇಳಿಯೇ ಆಗಬೇಕು ಎಂದರು. ನಾಳೆ ಬೆಳಿಗ್ಗೆ ತಾನು ಮಲ್ಲೇದಿನ್ನೆಯಲ್ಲಿ ಹೇಳಿಬಿಡುತ್ತೇನೆ, ಇಲಾಖೆಯನ್ನು ಅವರು ಕೇಳಲಿ ಎಂದಳು ವನಮಾಲಾ. ಅವರು ಆಗಲಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಚೀಟಿಯನ್ನು ಅವಳ ಕೈಗೆ ಕೊಟ್ಟರು.

*

ಬೆಳಗಿನ ಹಾಲು ಅಳೆದಾದ ಮೇಲೆ ಡೈರಿಯ ಮುಂದಿನ ಬಯಲಿನಲ್ಲಿ ಜನ ಸೇರಿದರು. ವನಮಾಲಾ ಎರಡು ಸಾಲು ಸೀಸೆಗಳನ್ನು ಕ್ಯಾನಿನ ಮೇಲೆ ಜೋಡಿಸಿ ತೋರಿಸಿದಳು. ಕರುಗಳು ಕುರುಡಾದದ್ದು ಯಾವ ಹೋರಿಯಿಂದಲೂ ಅಲ್ಲ, ನೀರಿನಿಂದಲೂ ಅಲ್ಲ ಎಂದಳು. ಆಮೇಲೆ ತಂಪೊಡಲಿನ ವಿಷಯ ಹೇಳಿದಳು. ಅದನ್ನು ಮಾಡಿದವರಲ್ಲಿ ತಾನೊಬ್ಬಳು, ಅನುಮಾನ ಬರಬೇಕಿದ್ದ ಜಾಗದಲ್ಲಿ ಎಲ್ಲ ಸರಿಯಿದೆ ಎಂದು ಬರೆದದ್ದು ತಾನೇ ಎಂದೂ ಹೇಳಿದಳು. ಕೈಗಳನ್ನು ಎಲ್ಲಿಡಬೇಕೆಂದು ಮಾತ್ರ ಅವಳಿಗೆ ತಿಳಿಯಲಿಲ್ಲ.

ಗಬ್ಬದ ಹಸುಗಳಿಗೆ ಎ ವಿಟಮಿನ್ ಸೂಜಿ ತಂದಿದ್ದೇನೆ, ದಿನ ತುಂಬಿದವಕ್ಕೆ ಮಾತ್ರ ಅದು ನಾಟಲಿಕ್ಕಿಲ್ಲ ಎಂದಳು. ಒಬ್ಬಾತ ತನ್ನ ಹಸುವಿನ ಕಿವಿಯ ಬಿಲ್ಲೆಯನ್ನು ಆಗಲೇ ಕತ್ತರಿಸಿ ತಂದು ಅವಳ ಕಾಲ ಬಳಿ ಎಸೆದ. ಇನ್ನೊಬ್ಬ, ಇವಳ ಮಾತು ಕೇಳಿ ಈಗ ಸೂಜಿಯನ್ನೂ ಹಾಕಿಸಬೇಕೇ ಎಂದು ಕೇಳಿದ. ಹಾಗೆ ಕೇಳುವುದು ನ್ಯಾಯವೇ ಎಂದು ಅವಳಿಗೂ ಅನ್ನಿಸಿತು.

ಪಿಳ್ಳಮ್ಮ ಗುಂಪಿನ ಹಿಂದಿನಿಂದ ಮುಂದಕ್ಕೆ ಬಂದಳು.

"ನೀವು ಕೇಳ್ದೆ ಕುಡಿಸಿಲ್ಲ ಡಾಕ್ಟ್ರಮ್ಮ. ಕೇಳಿದ್ರಿ. ಹಾಲು ಜಾಸ್ತಿ ಬತ್ತದೆ ಅಂತ ನಾವೂ ಹೂಂ ಅಂದ್ವಿ. ಕರುಗಳು ಯಾರಿಗೂ ಹೂಂ ಅಂದಿರ್ಲಿಲ್ಲ."

ವನಮಾಲಾ ತಲೆಯಾಡಿಸಿದಳು.

"ನನ್ನ ಹಸಿಗೆ ಮೊದಲು ಹಾಕಿ. ಆದ್ರೆ ಹಾಕ್ಬುಟ್ಟು ಹೋಗ್ಬುಡಬೇಡಿ. ಅವು ಈಯೋಗಂಟ ಬತ್ತಾ ಇರ್ಬೇಕು. ಬಂದು ನೋಡ್ಬೇಕು."

ಸೂಜಿ ಹಾಕಲು ವನಮಾಲಾ ದೇವರಾಜಪ್ಪನನ್ನೇ ಕರೆಸಿದ್ದಳು. ಊರಿನ ಯಾವ ಹಸು ಎಷ್ಟು ತಿಂಗಳ ಗಬ್ಬವೆಂದು ಅವನಷ್ಟು ಬಲ್ಲವರಿರಲಿಲ್ಲ. ಅವನು ಬೈಕು ನಿಲ್ಲಿಸಿ ಕೆಳಗಿಳಿಯಲಿಲ್ಲ. ತನ್ನ ತಪ್ಪೇನೂ ಇಲ್ಲವೆಂದು ಬರೆದುಕೊಡಿ ಎಂದ. ವನಮಾಲಾ ಕೇಂದ್ರದ ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಟ್ಟಳು. ಅವನು ಅದನ್ನು ಡೈರಿಯ ಹಲಗೆಗೆ ಮೊಳೆ ಹೊಡೆದು, ದೂರ ನಿಂತು ಎಲ್ಲರಿಗೂ ಕಾಣುತ್ತದೆಯೇ ಎಂದು ನೋಡಿ, ಆಮೇಲೆ ಡಬ್ಬ ಬಿಚ್ಚಿದ.

*

ಮುಂದಿನ ವಾರಗಳು ವನಮಾಲಾಗೆ ಬಹಳ ಉದ್ದವಾದವು. ಸುದ್ದಿ ಹೊರಬಿದ್ದ ಮೇಲೆ ಶಂಭುಲಿಂಗಯ್ಯನವರು ಹೇಳಿದ್ದರಲ್ಲಿ ಅರ್ಧ ನಿಜವಾಯಿತು. ಹತ್ತು ದಿನ ಜಿಲ್ಲೆಯ ಹಾಲು ಚರಂಡಿಗೆ ಹೋಯಿತು. ತಂಪೊಡಲನ್ನು ನಿಲ್ಲಿಸಿದರು, ತನಿಖೆಗೆ ಆದೇಶವಾಯಿತು, ವನಮಾಲಾಳನ್ನು ಪ್ರಯೋಗಾಲಯದಿಂದ ತೆಗೆದು ಹಳ್ಳಿಗಳ ಚಿಕಿತ್ಸೆಗೆ ಹಾಕಿದರು. ತನಿಖಾಧಿಕಾರಿಗಳ ಮುಂದೆ ಮೊದಲು ಹೋಗಿ ಹೇಳಿಕೆ ಕೊಟ್ಟವರು ಶಂಭುಲಿಂಗಯ್ಯ. ಅದೇ ಹಾಲು ಕುಡಿದು ಬೆಳೆದ ಊರಿನ ಮಕ್ಕಳ ರಕ್ತ ಪರೀಕ್ಷೆಯಾಯಿತು. ಎ ವಿಟಮಿನ್ ಕಮ್ಮಿಯಿದ್ದ ಒಂಬತ್ತು ಮಕ್ಕಳಿಗೆ ಅಂಗನವಾಡಿಯಲ್ಲಿ ಹನಿ ಹಾಕಿದರು. ಅವರ ಹೆಸರುಗಳನ್ನು ವನಮಾಲಾ ಬಾಯಿಪಾಠ ಮಾಡಿಕೊಂಡಿದ್ದಳು.

ಆದರೆ ಜೀವಾಣುವನ್ನು ವಾಪಸು ಕರೆಯುವ ದಾರಿ ಇರಲಿಲ್ಲ. ಒಂದೇ ತೊಟ್ಟಿಯಲ್ಲಿ ನೀರು ಕುಡಿದು, ಒಂದನ್ನೊಂದು ನೆಕ್ಕಿ, ಅದು ಕುಡಿಸದ ಹಸುಗಳ ಹೊಟ್ಟೆಗೂ ಹೋಗಿತ್ತು. ಕೇಂದ್ರದ ದೊಡ್ಡಿಯ ಆ ಎರಡು ಹಸುಗಳಲ್ಲೂ ಕಡೆಗೆ ಸಿಕ್ಕಿತು. ಇನ್ನು ಮುಂದೆ ಮೂರು ತಿಂಗಳಿಗೊಮ್ಮೆ ಪ್ರತಿ ಗಬ್ಬದ ಹಸುವಿಗೂ ಸೂಜಿ, ಎಂದೆಂದಿಗೂ. ಈ 'ಎಂದೆಂದಿಗೂ' ಎಂಬ ಮಾತು ಅವಳಿಗೆ ಊಟದ ನಡುವೆ, ಬಟ್ಟೆ ಮಡಿಸುವ ನಡುವೆ ಬಂದು ಹೊಡೆಯುತ್ತಿತ್ತು. ಎದ್ದು ಹೊರಗೆ ಹೋಗಿ ಒಂದು ಸುತ್ತು ತಿರುಗಿ ಬರುತ್ತಿದ್ದಳು. ಗುಣಶೇಖರ ಅವಳನ್ನು ತಡೆಯುತ್ತಿರಲಿಲ್ಲ; ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದ.

ಸೂಜಿ ಹಾಕಿದ ಮೇಲೆ ಈದ ಮೊದಲ ಐದು ಹಸುಗಳದೂ ಕುರುಡು ಕರುಗಳೇ. ಅವು ದಿನ ತುಂಬಿದ್ದ ಹಸುಗಳು, ಮೂಳೆ ಆಗಲೇ ಬೆಳೆದುಬಿಟ್ಟಿತ್ತು. ವನಮಾಲಾ ಇದನ್ನು ಮೊದಲೇ ಹೇಳಿದ್ದಳು. ಹೇಳಿದ್ದರೂ ಐದು ಮನೆಗಳ ಬಾಗಿಲಲ್ಲಿ ಹೋಗಿ ನಿಲ್ಲಬೇಕಾಯಿತು. ಒಂದು ಮನೆಯವರು ಒಳಗೆ ಬಿಡಲಿಲ್ಲ. ಆರನೆಯ ಕರುವಿಗೆ ಎಡಗಣ್ಣು ಕಾಣುತ್ತಿತ್ತು, ಬಲಗಣ್ಣು ಇಲ್ಲ. ಏಳು, ಎಂಟು ಮತ್ತೆ ಕುರುಡು. ಒಂಬತ್ತನೆಯದರ ಕಣ್ಣ ಮುಂದೆ ಅವಳು ಬೆರಳು ತಂದಾಗ ಅದು ರೆಪ್ಪೆ ಮಿಟುಕಿಸಿತು. ತನ್ನ ಬೆರಳಿನ ಗಾಳಿ ತಾಗಿರಬಹುದೆಂದು ನಂಬದೆ ನಡುವೆ ಗಾಜು ಹಿಡಿದು ಮತ್ತೆ ನೋಡಿದಳು. ಮತ್ತೆ ಮಿಟುಕಿಸಿತು. ಆದರೂ ಅದು ಒಂದೇ ಕರು. ಒಂದು ಕರುವಿನಿಂದ ಏನನ್ನೂ ಹೇಳಲು ಬಾರದೆಂದು ಅವಳಿಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ.

ಪಿಳ್ಳಮ್ಮನ ಆ ಇನ್ನೊಂದು ಹಸು ಈದದ್ದು ಒಂದು ಮಧ್ಯಾಹ್ನ. ಕರೆ ಬಂದಾಗ ವನಮಾಲಾ ಪಕ್ಕದ ಊರಿನಲ್ಲಿ ಸೂಜಿ ಹಾಕಿಸುತ್ತಿದ್ದಳು. ಮೈಮೇಲಿನ ಬಿಳಿ ಕೋಟನ್ನೂ ತೆಗೆಯದೆ ದೇವರಾಜಪ್ಪನ ಬೈಕಿನ ಹಿಂದೆ ಕೂತು ಬಂದಳು. ಬರುವ ಹೊತ್ತಿಗೆ ಮೂರು ಗಂಟೆ ಕಳೆದಿತ್ತು. ಕರು ಎದ್ದು, ಹಾಲು ಕುಡಿದು, ಅಂಗಳಕ್ಕೆ ಬಂದಿತ್ತು. ಗಂಡುಗರು, ಮೈಯೆಲ್ಲ ಕಪ್ಪು. ಬಿಸಿಲಿನಲ್ಲಿ ಒದ್ದೆ ಮೈ ಹೊಳೆಯುತ್ತಿತ್ತು. ಪಿಳ್ಳಮ್ಮ ಬಾಗಿಲ ಬಳಿ ಕೂತಿದ್ದಳು. ತಾನಾಗಿ ನೋಡಲೆಂದು ಡಾಕ್ಟ್ರಮ್ಮನಿಗೆ ಬಿಟ್ಟಿದ್ದಳು.

ವನಮಾಲಾ ಜೇಬಿನಿಂದ ಟಾರ್ಚು ತೆಗೆದು ಅಂಗಳಕ್ಕೆ ಕಾಲಿಟ್ಟಳು. ಇನ್ನೂ ಹತ್ತು ಮಾರು ದೂರವಿದ್ದಳು. ಕರು ತಲೆ ಎತ್ತಿತು. ಬಿಸಿಲಿನಲ್ಲಿ ಬೆಳ್ಳಗೆ ಬರುತ್ತಿದ್ದ ಆ ಆಕಾರವನ್ನು ಕಿವಿ ನಿಮಿರಿಸಿ ದಿಟ್ಟಿಸಿತು. ಮರುಕ್ಷಣ ಹೆದರಿ, ನಾಲ್ಕು ಕಾಲೂ ಎತ್ತಿ ನೆಗೆದು, ನಡುವೆ ಬಿದ್ದಿದ್ದ ನೇಗಿಲನ್ನು ಬಳಸಿಕೊಂಡು ಓಡಿ ತಾಯಿಯ ಹಿಂದೆ ಅಡಗಿತು. ಅಲ್ಲಿಂದ ಇಣುಕಿ ಅವಳನ್ನೇ ನೋಡಿತು.

"ನಿಮ್ಮನ್ನ ಕಂಡ್ರೆ ಭಯ ಅದಕ್ಕೆ," ಎಂದಳು ಪಿಳ್ಳಮ್ಮ. ಅವಳ ಮುಖದಲ್ಲಿ ನಗುವಿತ್ತೋ ಇಲ್ಲವೋ, ವನಮಾಲಾ ಅತ್ತ ತಿರುಗಲಿಲ್ಲ. ಒಂದು ಹೆಜ್ಜೆ ಇಟ್ಟರೂ ಅದು ಮತ್ತೆ ಹೆದರೀತೆಂದು, ಟಾರ್ಚು ಹಿಡಿದ ಕೈಯನ್ನು ನಿಧಾನವಾಗಿ ಬೆನ್ನ ಹಿಂದಕ್ಕೆ ತೆಗೆದುಕೊಂಡು, ಬಿಸಿಲಿನಲ್ಲಿ ಕದಲದೆ ನಿಂತೇ ಇದ್ದಳು.